ತಾನಾಗಿ ಬಿಚ್ಚಿಕೊಂಡ ಹಗ್ಗ

ಫೆಬ್ರವರಿ 5, 2024, ಸೋಮವಾರ

ದಿನಕ್ಕೊಂದು ಮುಖಕ್ಕೆ ಗುರುತು ಹಾಕಿಕೊಂಡು ಬನ್ನಿ ಎಂದು ಡಾಕ್ಟರಮ್ಮ ಒಂದು ಹಾಳೆ ಕೊಟ್ಟಿದ್ದಾಳೆ. ಅಳುವ ಗುಂಡು ಮುಖದಿಂದ ಹಲ್ಲು ಕಿರಿಯುವ ಗುಂಡು ಮುಖದವರೆಗೆ ಐದು. ಮೂವತ್ತೆರಡು ವರ್ಷ ಕನ್ನಡ ಕಲಿಸಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳಿಗೆ ಅಂಗನವಾಡಿಯ ಚಿತ್ರಪಟ! ಅದನ್ನು ಹಾಲಿನ ಪಾತ್ರೆಗೆ ಮುಚ್ಚಿಟ್ಟಿದ್ದೇನೆ. ಬರೆಯಲೇಬೇಕಾದರೆ ವಾಕ್ಯದಲ್ಲಿ ಬರೆಯುತ್ತೇನೆ. ಶಾಲೆಯಿಂದ ತಂದ ಪಾಠ ಟಿಪ್ಪಣಿಯ ಪುಸ್ತಕಗಳು ಇನ್ನೂ ನಾಲ್ಕು ಖಾಲಿ ಇವೆ. ಯಾರಿಗೂ ತೋರಿಸುವುದಿಲ್ಲ.

ನಿವೃತ್ತಿಯಾಗಿ ಎಂಟು ತಿಂಗಳಾಯಿತು. ದೀಪಾವಳಿಯಿಂದ ಈಚೆಗೆ ಹಾಸಿಗೆ ಬಿಟ್ಟು ಏಳುವುದೇ ಒಂದು ಉದ್ಯೋಗವಾಗಿದೆ. ಅನ್ನ ಮಣ್ಣು, ಮನುಷ್ಯರು ನೊಣ. ನೋಡಲಾರದೆ ಇವರು ವಿಜಯನಗರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಇವರ ಹೆಸರು ಚನ್ನವೀರಪ್ಪ; ವೀರತನವೆಲ್ಲ ಹೆಸರಿಗೇ ಖರ್ಚಾಗಿದೆ. ಸರ್ಕಾರಿ ಮುದ್ರಣಾಲಯದಲ್ಲಿ ಮೂವತ್ತು ವರ್ಷ ಊರಿನವರ ಕರಡು ತಿದ್ದಿದರು, ಹೆಂಡತಿ ಆಡಿದ ಮಾತಿಗೆ ಒಂದು ಅಲ್ಪವಿರಾಮವನ್ನೂ ಸೇರಿಸಿದವರಲ್ಲ.

ಡಾಕ್ಟರಮ್ಮನ ಹೆಸರು ಸ್ಮೃತಿ. ನನ್ನ ಕೊನೆಯ ಬೆಂಚಿನ ಹುಡುಗಿಯರ ವಯಸ್ಸು.

"ಮೇಡಂ, ನಿಮ್ಮ ಮನೆತನದಲ್ಲಿ ಯಾರಿಗಾದ್ರೂ ಮನಸ್ಸಿನ ಕಾಯಿಲೆ ಇತ್ತಾ? ನಿದ್ದೆನೇ ಇಲ್ದೆ ಹುರುಪಾಗಿ ಓಡಾಡೋದು, ವಿಪರೀತ ಮಾತು, ಇಲ್ಲಾ ಆತ್ಮಹತ್ಯೆ, ಆ ಥರ?"

"ಇಲ್ಲ."

"ದೊಡ್ಡಪ್ಪ, ಚಿಕ್ಕಪ್ಪ, ಸೋದರತ್ತೆ? ಯಾಕೆ ಕೇಳ್ತೀನಿ ಅಂದ್ರೆ, ಈ ಮಾತ್ರೆ ಸುಮಾರು ಜನಕ್ಕೆ ಒಳ್ಳೇದೇ ಮಾಡುತ್ತೆ. ಆದ್ರೆ ವಂಶದಲ್ಲಿ ಅಂಥದ್ದೇನಾದ್ರೂ ಇದ್ರೆ ಕೆಲವ್ರಿಗೆ ಮನಸ್ಸನ್ನ ಸೀದಾ ಮೇಲಕ್ಕೆ ಎತ್ತಿಬಿಡುತ್ತೆ. ಕೆಳಗೆ ಇಳಿಸೋದು ಕಷ್ಟ ಆಗುತ್ತೆ."

"ನಮ್ಮ ಚಿಕ್ಕಪ್ಪ ಶರಣರು ಕಣಮ್ಮ. ವರ್ಷಾ ವರ್ಷ ಆರಾಧನೆ ಆಗುತ್ತೆ. ಬೇರೆ ಯಾರೂ ಇಲ್ಲ."

ಹುಡುಗಿ 'ಇಲ್ಲ' ಎಂದು ಬರೆದುಕೊಂಡಳು. ದಿನಕ್ಕೊಂದು ಬಿಳಿ ಮಾತ್ರೆ. ಅಕ್ಷರ ಕೋಳಿ ಕಾಲು.

ಫೆಬ್ರವರಿ 7, ಬುಧವಾರ

ಆರಾಧನೆಯ ವಿಷಯ ಮಾತಾಡಲು ಸುಂಕದಕಟ್ಟೆಯಿಂದ ಲಿಂಗಪ್ಪ ಬಂದಿದ್ದ. ನನ್ನ ದೊಡ್ಡಪ್ಪನ ಮಗ, ಪ್ಲೈವುಡ್ ಅಂಗಡಿ, ಮಹಡಿಯ ಮೇಲೆ ಹಾಲ್. ಪ್ರತಿ ಶಿವರಾತ್ರಿಯಂದು ಆ ಹಾಲಿನಲ್ಲಿ ಚಿಕ್ಕಪ್ಪ ಮಡಿವಾಳಪ್ಪನ ಪಟಕ್ಕೆ ಹೂವು ಏರಿಸಿ, ಇನ್ನೂರು ಜನಕ್ಕೆ ಪ್ರಸಾದ ಹಾಕಿ, ಪುಸ್ತಿಕೆ ಓದುತ್ತಾರೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ.

ಪುಸ್ತಿಕೆ ಬರೆದವಳು ನಾನೇ. ಇಪ್ಪತ್ತು ವರ್ಷದ ಹಿಂದೆ, ಹದಿನಾರು ಪುಟ. ಶರಣರು ಹನ್ನೊಂದು ದಿನ ಕಣ್ಣು ಮುಚ್ಚದೆ ಶಿವಧ್ಯಾನ ಮಾಡಿದರು. ಮನೆಯ ಜೋಳವನ್ನೆಲ್ಲ ಬೀದಿಗೆ ದಾನ ಮಾಡಿದರು. ಅವರ ಬಾಯಿಂದ ಹೊರಟ ಮಾತನ್ನು ಬರೆದುಕೊಳ್ಳಲು ಯಾರ ಕೈಯೂ ಸಾಲಲಿಲ್ಲ. ತಿಳಿಯದವರು ಅವರನ್ನು ದನದ ಕೊಟ್ಟಿಗೆಯ ಕಂಬಕ್ಕೆ ಕಟ್ಟಿದಾಗ ಹಗ್ಗವು ತಾನಾಗಿ ಬಿಚ್ಚಿಕೊಂಡಿತು. ಅನಂತರ ಜಲಸಮಾಧಿ. ಹಗ್ಗದ ಕಡೆ ಬಂದಾಗ ಹೆಂಗಸರು ಕಣ್ಣು ಒರೆಸಿಕೊಳ್ಳುತ್ತಾರೆ. ನನಗೆ ಆ ಪುಟ ಬಂದರೆ ಅಡುಗೆಮನೆಯಲ್ಲಿ ಕೆಲಸ ನೆನಪಾಗುತ್ತದೆ.

ಕರಡು ನೋಡಿದವರು ಇವರು. ಒಂಬತ್ತು ತಪ್ಪು ಹುಡುಕಿದರು, ಎಲ್ಲವೂ ಒತ್ತಕ್ಷರದ್ದು. ಅದೇ ಪುಸ್ತಿಕೆ ನೋಡಿ ಕೆಂಗೇರಿ ಉಪನಗರದ ನೀಲಾಂಬಿಕೆ ನಮ್ಮ ಮಗಳು ವಚನಾಳನ್ನು ಸೊಸೆ ಮಾಡಿಕೊಂಡಳು. "ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅಂತಾರೆ. ಶರಣರ ವಂಶ, ಇನ್ನೇನು ಬೇಕು" ಎಂದಿದ್ದಳು ಬೀಗಿತ್ತಿ. ವಚನಾ ಈಗ ಆರು ತಿಂಗಳ ಬಸುರಿ.

ಫೆಬ್ರವರಿ 15, ಗುರುವಾರ

ವಾಕರಿಕೆ. ಬಾಯಿ ಒಣಗುತ್ತದೆ. ಮಾತ್ರೆ ತಯಾರಿಸಿದವನಿಗೆ ಅದನ್ನೇ ನುಂಗಿಸಬೇಕು.

ಫೆಬ್ರವರಿ 28, ಬುಧವಾರ

ತಪ್ಪೊಪ್ಪಿಕೊಳ್ಳುತ್ತೇನೆ, ಕೋಳಿ ಕಾಲಿನ ಹುಡುಗಿಗೆ ಕೆಲಸ ಗೊತ್ತಿದೆ. ಇವತ್ತು ಐದಕ್ಕೆ ಎದ್ದು ಅಡುಗೆಮನೆಯ ಡಬ್ಬಿಗಳನ್ನೆಲ್ಲ ತೊಳೆದೆ. ಹೊಂಗೆ ಮರದಲ್ಲಿ ಹೊಸ ಚಿಗುರು ಕಂಡಿತು. ನಾಲ್ಕು ತಿಂಗಳ ನಂತರ ಹುಳಿಗೆ ರುಚಿ ಇತ್ತು.

"ಜಗದಾಂಬಾ, ಇವತ್ತು ನೀನು ನನ್ನ ಬೈದೆ" ಎಂದರು ಇವರು, ಪ್ರಶಸ್ತಿ ಬಂದವರ ಹಾಗೆ.

ಮಾರ್ಚ್ 4, ಸೋಮವಾರ

ನಾಲ್ಕು ಗಂಟೆ ನಿದ್ದೆ ಸಾಕು ಎಂದು ಈಗ ಗೊತ್ತಾಯಿತು. ಅರವತ್ತು ವರ್ಷ ಎಷ್ಟು ಹೊತ್ತನ್ನು ಹಾಸಿಗೆಗೆ ದಂಡ ಕಟ್ಟಿದ್ದೇನೆ! ಹೈಸ್ಕೂಲು ವ್ಯಾಕರಣವನ್ನು ಹೊಸದಾಗಿ ಬರೆಯಲು ಶುರು ಮಾಡಿದೆ. ಎರಡು ದಿನದಲ್ಲಿ ಎಪ್ಪತ್ತು ಪುಟ. ಶಿಕ್ಷಣ ಇಲಾಖೆಯ ಪಂಡಿತರು ಹತ್ತು ವರ್ಷ ಕೂತರೂ ಇದರ ಮುನ್ನುಡಿ ಬರೆಯಲಾರರು. ಇವರಿಗೆ ಓದಿ ಹೇಳಿದೆ. ತೂಕಡಿಸಿದರು. ಈ ಮನುಷ್ಯನ ಬುದ್ಧಿಗೆ ಮೊದಲಿಂದಲೂ ಬ್ರೇಕ್ ಹಿಡಿದೇ ಇದೆ.

ಮಾರ್ಚ್ 7, ಗುರುವಾರ

ಊರೆಲ್ಲ ಎಷ್ಟು ನಿಧಾನ! ಹಾಲಿನವನು ನಿಧಾನ, ಲಿಫ್ಟು ನಿಧಾನ, ಮಾಗಡಿ ರಸ್ತೆಯ ಸಿಗ್ನಲ್ಲು ನಿಧಾನ, ಜನ ಒಂದು ವಾಕ್ಯ ಮುಗಿಸುವಷ್ಟರಲ್ಲಿ ನನಗೆ ಅದರ ಉತ್ತರ, ಆ ಉತ್ತರಕ್ಕೆ ಅವರು ಕೊಡಬಹುದಾದ ಮೂರ್ಖ ಮರುತ್ತರ, ಅದಕ್ಕೆ ನನ್ನ ತಿದ್ದುಪಡಿ ಎಲ್ಲವೂ ಹೊಳೆದು ಹೋಗಿರುತ್ತದೆ. ನೂರ ನಲವತ್ತು ಪುಟ ಆಯಿತು. ನಡುವೆ ಶಾಲೆಯ ವಾರ್ಷಿಕೋತ್ಸವಕ್ಕೆ ಒಂದು ನಾಟಕ, ಮುಖ್ಯಮಂತ್ರಿಗಳಿಗೆ ಎರಡು ಪತ್ರ. ಬೀರು ತೆರೆದರೆ ಸೀರೆಗಳು ಉಸಿರು ಕಟ್ಟಿಕೊಂಡು ಕೂತಿದ್ದವು, ಯಾರಿಗಾಗಿ? ರೇಷ್ಮೆಯವನ್ನೆಲ್ಲ ತರಕಾರಿಯವಳಿಗೂ ಅವಳ ಅಕ್ಕತಂಗಿಯರಿಗೂ ಕೊಟ್ಟೆ. ಅಟ್ಟದಲ್ಲಿ ವಚನಾ ಮಲಗಿದ್ದ ತೇಗದ ತೊಟ್ಟಿಲು. ಕೆಳಗೆ ಇಸ್ತ್ರಿ ಗಾಡಿಯ ವೆಂಕಟಸ್ವಾಮಿಯ ಸೊಸೆಗೆ ದಿನ ತುಂಬಿದೆ. ತಗೋ ಎಂದೆ.

"ಬೇಡ ಅಮ್ಮಾವ್ರೇ, ಚಿಕ್ಕಮ್ಮಾವ್ರ ಮಗೂಗೆ ಬೇಕಾಗುತ್ತೆ" ಎಂದ. ಕೊಡುವವಳು ನಾನು, ಬೇಡ ಎನ್ನಲು ಇವನ್ಯಾರು? ನಾನೇ ಗಾಡಿಯ ಮೇಲೆ ಇಟ್ಟು ಬಂದೆ. ಇವರು ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು. "ಜಗದಾಂಬಾ, ನೀನು ಮಲಗಿ ಎಷ್ಟು ದಿನ ಆಯ್ತು?" ಎಂದು ಕೇಳಿದರು. ಮಲಗುವುದು ಮಲಗುವವರ ಚಿಂತೆ.

ಮಾರ್ಚ್ 9, ಶನಿವಾರ

ನಿನ್ನೆ ಶಿವರಾತ್ರಿ. ಲಿಂಗಪ್ಪನ ಹಾಲಿನಲ್ಲಿ ಒಂದು ದಿನದ ಜಾಗರಣೆಗೇ ಜನ ಆಕಳಿಸಿ ಸಾಯುತ್ತಿದ್ದರು. ನನಗೆ ಅದು ನಾಲ್ಕನೆಯ ದಿನ, ಆಕಳಿಕೆಯ ಸುಳಿವಿಲ್ಲ. ಪುಸ್ತಿಕೆ ಓದಲು ನಿಂತವಳು ಮೂರನೆಯ ಪುಟಕ್ಕೆ ಪುಸ್ತಿಕೆ ಎಸೆದು ಬಾಯಲ್ಲೇ ಹೇಳಿದೆ. ಅದರಲ್ಲಿ ಇಲ್ಲದ್ದೂ ಬಂತು. ಎರಡು ತಾಸು. ಯಾರೋ "ಶರಣರೇ ಮೈಮೇಲೆ ಬಂದವ್ರೆ" ಎಂದರು, ಲಿಂಗಪ್ಪ ಕಾಲಿಗೆ ಬಿದ್ದ, ಬೀಗಿತ್ತಿ ನೀಲಾಂಬಿಕೆ ಬಿದ್ದಳು, ಸಾಲು ಹಿಡಿದು ಬಿದ್ದರು. ಈ ಕುರಿಗಳ ಬಗ್ಗೆ ನನಗೆ ಹೊಸ ಅಭಿಪ್ರಾಯವಿಲ್ಲ, ಆದರೆ ನಿನ್ನೆ ಅವರಿಗೆ ಒಮ್ಮೆಯಾದರೂ ಸರಿಯಾದ ಕಾಲು ಸಿಕ್ಕಿತು. ನಾನೇ ಮಡಿವಾಳಪ್ಪ ಎಂದೆ. ಎಲ್ಲರೂ ಹೌದೆಂದರು. ಇವರೊಬ್ಬರೇ ಬಾಗಿಲಲ್ಲಿ ನಿಂತು, ನಾನು ಎಸೆದ ಪುಸ್ತಿಕೆ ಎತ್ತಿಕೊಂಡು, ಜೇಬಿನ ಕೆಂಪು ಪೆನ್ನು ತೆಗೆದು ಗೆರೆ ಎಳೆಯುತ್ತಿದ್ದರು. ಹಬ್ಬದ ದಿನವೂ ಕರಡು!

ಇವತ್ತು ಬೆಳಿಗ್ಗೆ ಎಲ್ಲ ಸ್ಪಷ್ಟವಾಗಿದೆ. ನೀರು ಕರೆಯುತ್ತಿದೆ, ಸಂಪಿನ ಮುಚ್ಚಳ ತೆಗೆಯಿರಿ ಎಂದೆ. ಇವರು ಮುಚ್ಚಳದ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತುಬಿಟ್ಟರು. ಬೈದೆ. ಏಳಲಿಲ್ಲ. ಜುಟ್ಟು ಹಿಡಿದು ಎಳೆಯೋಣವೆಂದರೆ ತಲೆಯಲ್ಲಿ ಕೂದಲಿಲ್ಲ. ಬಿಸಿಲು ಏರಿತು, ಆಗಲೂ ಏಳಲಿಲ್ಲ. ಕುರ್ಚಿಯಲ್ಲೇ ಕೂತು ಫೋನು ಮಾಡುತ್ತಿದ್ದಾರೆ. ಹುಚ್ಚ.

ಏಪ್ರಿಲ್ 2, ಮಂಗಳವಾರ

ಹದಿನೆಂಟು ದಿನ ಆಸ್ಪತ್ರೆ. ಬೇರೆ ಮಾತ್ರೆ. ನಾಲಿಗೆ ದಪ್ಪ.

ಏಪ್ರಿಲ್ 9, ಮಂಗಳವಾರ

ಯುಗಾದಿ. ಬೇವು ಸಾಕಷ್ಟು ಆಗಿದೆ, ಬೆಲ್ಲವನ್ನಷ್ಟೇ ತಿಂದೆ.

ಬಿಳಿ ಮಾತ್ರೆ ಆವತ್ತೇ ನಿಲ್ಲಿಸಿದ್ದಾರೆ. ಡಾಕ್ಟರಮ್ಮನ ಮೇಜಿನ ಮೇಲೆ ನನ್ನ ಪುಸ್ತಿಕೆ ಇತ್ತು. ಇವರು ಗೆರೆ ಎಳೆದು, ಅಂಚಿನಲ್ಲಿ ಒಂದು, ಎರಡು, ಮೂರು ಎಂದು ಅಂಕಿ ಹಾಕಿ ಕೊಟ್ಟಿದ್ದಾರೆ. ನಿದ್ದೆ ಇಲ್ಲದ ದಿನ, ದಾನ, ನಿಲ್ಲದ ಮಾತು, ನೀರು.

"ಇದನ್ನ ಬರೆದಿದ್ದು ಯಾರು ಮೇಡಂ?"

"ನಾನು."

"ಇಷ್ಟು ಚೆನ್ನಾಗಿ ರೋಗಿ ಬಗ್ಗೆ ಬರೆಯೋರು ನಮ್ಮ ಕಾಲೇಜಲ್ಲೂ ಇರ್ಲಿಲ್ಲ. ಕಾಯಿಲೆ ಹೆಸರೊಂದೇ ಬಿಟ್ಟಿದೀರ."

ಹೊರಗೆ ಗೋಡೆಯ ಮೇಲೆ ಉಗುಳು ಪರೀಕ್ಷೆಯ ಜಾಹೀರಾತು ಇತ್ತು, ನಿಮ್ಮ ಜೀನ್ ನಿಮ್ಮ ಮಾತ್ರೆ ಎಂದು. ಹಾಗಿದ್ದರೆ ನನ್ನ ಉಗುಳು ನೋಡಿ ಕೊಡಬೇಕಿತ್ತು, ನನ್ನ ಬಾಯಿ ಯಾಕೆ ನಂಬಿದಿರಿ ಎಂದು ಕೇಳಿದೆ. ಬಿಟ್ಟುಕೊಡುವವಳಲ್ಲ ನಾನು.

"ಆ ಪರೀಕ್ಷೆ ನಿಮ್ಮ ಲಿವರ್ ಮಾತ್ರೆನ ಬೇಗ ಕರಗಿಸುತ್ತಾ, ನಿಧಾನವಾ ಅಂತ ಹೇಳುತ್ತೆ ಅಷ್ಟೇ. ಯಾರಿಗೆ ಹೀಗೆ ಮೇಲಕ್ಕೇರುತ್ತೆ ಅಂತ ಹೇಳೋಕೆ ಒಂದು ಜೀನ್ ಅಂತ ಇನ್ನೂ ಸಿಕ್ಕಿಲ್ಲ. ಸದ್ಯಕ್ಕೆ ನಮಗಿರೋದು ಚಿಕ್ಕಪ್ಪ ಹೇಗಿದ್ರು ಅನ್ನೋ ಪ್ರಶ್ನೆ. ನಿಮ್ಮ ಮಗಳನ್ನ ಯಾರಾದ್ರೂ ಕೇಳಿದ್ರೆ ಅವರು ನಿಮ್ಮ ಹೆಸರೂ ಹೇಳ್ಬೇಕು ಮೇಡಂ. ಬಾಣಂತನದಲ್ಲಿ ಹುಷಾರು."

ಮಗಳ ಸುದ್ದಿ ಎತ್ತಿದಳು ಎಂದು ಎದ್ದು ಬಂದೆ. ಕೆಂಗೇರಿಗೆ ಇವರು ಥೈರಾಯ್ಡ್ ಎಂದು ಹೇಳಿದ್ದಾರೆ. ಬೀಗಿತ್ತಿ ನಂಬಿಲ್ಲ, ಶರಣರು ಮೈಮೇಲೆ ಬಂದರೆ ದೇಹ ದಣಿಯುತ್ತದೆ ಎಂದು ಅವಳದೇ ವೈದ್ಯಶಾಸ್ತ್ರ. ಒಳ್ಳೆಯದೇ ಆಯಿತು, ಹಾಗೇ ಇರಲಿ.

ಮೇ 22, ಬುಧವಾರ

ವಚನಾಳಿಗೆ ಹೆಣ್ಣು ಮಗು. ಮೊದಲ ಬಾಣಂತನ ತವರಿನದು. ನನ್ನ 'ಥೈರಾಯ್ಡಿನ' ದೆಸೆಯಿಂದ ಅದು ಕೆಂಗೇರಿಗೆ ಹೋಯಿತು. ನಾನು ಅಂಟಿನುಂಡೆಯ ಡಬ್ಬಿ ಹಿಡಿದು ನೆಂಟಳ ಹಾಗೆ ಹೋಗಿ ಬಂದೆ. ಬೀಗಿತ್ತಿ ಉಂಡೆ ಮೂಸಿ "ತುಪ್ಪ ಸ್ವಲ್ಪ ಕಡಿಮೆ ಆಯ್ತೇನೋ" ಎಂದಳು.

ವೆಂಕಟಸ್ವಾಮಿ ತೊಟ್ಟಿಲು ತಂದು ಬಾಗಿಲಲ್ಲಿ ಇಟ್ಟಿದ್ದ, ಒರೆಸಿ, ಎಣ್ಣೆ ಹಚ್ಚಿ. ಅವನ ಮೊಮ್ಮಗ ಗೋಣಿ ಜೋಲಿಯಲ್ಲೇ ಚೆನ್ನಾಗಿ ಮಲಗುತ್ತಾನಂತೆ. ಸುಳ್ಳು ಹೇಳಲೂ ಬರುವುದಿಲ್ಲ ಅವನಿಗೆ.

ಜೂನ್ 12, ಬುಧವಾರ

ವಚನಾ ಮಗುವನ್ನು ಎತ್ತಿಕೊಳ್ಳುತ್ತಿಲ್ಲ. ಹಾಲು ಕೊಟ್ಟು ಪಕ್ಕಕ್ಕೆ ಇಡುತ್ತಾಳೆ, ಬಸ್ಸಿನಲ್ಲಿ ಯಾರದೋ ಚೀಲ ಹಿಡಿದುಕೊಂಡವಳ ಹಾಗೆ. ನಿದ್ದೆ ಇಲ್ಲ. "ಅಮ್ಮ, ನಾನು ಇಲ್ದಿದ್ರೆ ಇದಕ್ಕೆ ಒಳ್ಳೇದು" ಎಂದಳು, ಸೊಪ್ಪಿನ ಬೆಲೆ ಹೇಳುವ ದನಿಯಲ್ಲಿ. ದೃಷ್ಟಿ ಎಂದು ಬೀಗಿತ್ತಿ ಮೆಣಸಿನಕಾಯಿ ಸುಟ್ಟಳು. ಮನೆಯೆಲ್ಲ ಕೆಮ್ಮಿದ್ದು ಬಿಟ್ಟರೆ ಏನೂ ಆಗಲಿಲ್ಲ.

ಜೂನ್ 18, ಮಂಗಳವಾರ

ಅಳಿಯ ಗುರುವಾರಕ್ಕೆ ಅಲ್ಲೇ ಕೆಂಗೇರಿಯಲ್ಲಿ ಮನಸ್ಸಿನ ಡಾಕ್ಟರ ಬಳಿ ಸಮಯ ಕೇಳಿದ್ದಾನೆ. ನಾನೂ ಹೋಗುತ್ತೇನೆ.

ಡಾಕ್ಟರು ಮನೆತನದ ಕಾಯಿಲೆಯ ಸುದ್ದಿ ಕೇಳಲಿಕ್ಕಿಲ್ಲ. ಕೇಳಿದರೆ ನೋಡೋಣ. ಬೀಗಿತ್ತಿಯ ಎದುರಿಗೆ ಕೇಳಿದರೆ? ಬಾಯಿ ಬಿಟ್ಟರೆ ನಿನಗೆ ಮದುವೆ ಆಗಲ್ಲ ಎಂದು ನನ್ನವ್ವ ಹೇಳಿದ್ದಳು. ನನಗೆ ಮದುವೆ ಆಯಿತು, ಮಗಳಿಗೂ ಆಯಿತು, ಬಾಯಿ ಮಾತ್ರ ಮುಚ್ಚಿಯೇ ಇದೆ. ಊರಿನ ಬಾಯಿಗೆಲ್ಲ ವ್ಯಾಕರಣ ಕಲಿಸಿದ ಬಾಯಿ!

ಇವರು ಸಂಪಿನ ಪಕ್ಕದಲ್ಲಿ ಆ ಕುರ್ಚಿಯನ್ನು ಒರೆಸುತ್ತಿದ್ದರು. ಮಾರ್ಚ್‌ನಿಂದ ಅದು ಅಲ್ಲೇ ಇದೆ.

ಜೂನ್ 20, ಗುರುವಾರ

ಕೇಳಿದರು. ದಪ್ಪ ಕನ್ನಡಕದ ಹಿರಿಯ ಡಾಕ್ಟರು, ಕಾಗದದಿಂದ ತಲೆ ಎತ್ತದೆ ಕೇಳಿದರು. ವಚನಾ ಕಿಟಕಿ ನೋಡುತ್ತಿದ್ದಳು. ಅಳಿಯ ನನ್ನ ಮುಖ ನೋಡಿದ. ಬಾಯಿ ತೆರೆದವಳು ನೀಲಾಂಬಿಕೆ.

"ಇವರ ಮನೇಲಿ ಅಂಥದ್ದೆಲ್ಲ ಇಲ್ಲ ಡಾಕ್ಟ್ರೇ. ಶರಣರ ವಂಶ. ಪುಸ್ತಕನೇ ಇದೆ."

'ಇಲ್ಲ' ಎಂದು ಬರೆದುಕೊಂಡು ಮಾತ್ರೆಯ ಹೆಸರು ಬರೆಯತೊಡಗಿದರು. ಅದೇ ಬಿಳಿ ಮಾತ್ರೆ. ಮೊದಲ ಅಕ್ಷರ ಮೂಡುವಾಗಲೇ ಗೊತ್ತಾಯಿತು. ತಲೆಕೆಳಗಾದ ಬರವಣಿಗೆ ಓದುವುದು ಮೇಷ್ಟರ ವಿದ್ಯೆ.

"ಬರೀಬೇಡಿ" ಎಂದೆ. ತರಗತಿಯ ದನಿಯೇ ಬಂತು. ಅವರು ನಿಜವಾಗಿ ಪೆನ್ನು ಎತ್ತಿದರು.

"ಆ ಮಾತ್ರೆ ನಾನು ತಗೊಂಡಿದೀನಿ. ಒಂದು ತಿಂಗಳಿಗೆ ನಿದ್ದೆ ಹೋಯ್ತು, ಸೀರೆ ಎಲ್ಲ ಹಂಚಿದೆ, ಸಂಪಿಗೆ ಬೀಳೋಕೆ ಹೋದೆ. ಥೈರಾಯ್ಡ್ ಅಲ್ಲ ಅದು. ಶಿವರಾತ್ರಿಲಿ ಇವರೆಲ್ಲ ನನ್ನ ಕಾಲಿಗೆ ಬಿದ್ರಲ್ಲ, ಆವತ್ತು ನಂಗೆ ಹುಚ್ಚು ನೆತ್ತಿಗೇರಿತ್ತು. ನಮ್ಮ ಚಿಕ್ಕಪ್ಪಂಗೂ ಅದೇ ಕಾಯಿಲೆ. ಶರಣರೂ ಅಲ್ಲ, ಸಮಾಧಿನೂ ಅಲ್ಲ. ಬಾವಿಗೆ ಹಾರಿ ಸತ್ತ, ಇಪ್ಪತ್ತೆಂಟು ವರ್ಷಕ್ಕೆ. ಪುಸ್ತಕದಲ್ಲಿ ಇರೋದು ನಾನು ಬರೆದ ಸುಳ್ಳು."

ಡಾಕ್ಟರು ಬರೆದಿದ್ದನ್ನು ಹರಿದು ಹಾಕಿದರು. ಬೇರೆ ಔಷಧಿ, ವಾರಕ್ಕೊಮ್ಮೆ ಬರಬೇಕು, ನಿದ್ದೆಯ ಲೆಕ್ಕ ಇಡಬೇಕು, ಹುರುಪು ಹೆಚ್ಚಾದರೂ ಅಷ್ಟೇ ಬೇಗ ಬರಬೇಕು. ಎಲ್ಲಕ್ಕಿಂತ ಮೊದಲು, ಒಂದು ನಿಮಿಷವೂ ಒಬ್ಬಳನ್ನೇ ಬಿಡಬಾರದು.

ಆಟೋ ಮೈಸೂರು ರಸ್ತೆ ದಾಟಿತು. ಬೀಗಿತ್ತಿ "ಮೊದ್ಲೇ ಹೇಳಿದ್ರೆ ಈ ಸಂಬಂಧನೇ ಮಾಡ್ತಿರ್ಲಿಲ್ಲ ನಾವು" ಎಂದಳು.

"ಅದಕ್ಕೇ ಹೇಳ್ಲಿಲ್ಲ" ಎಂದೆ. ಬೀಗರಾದ ಮೇಲೆ ಇಬ್ಬರೂ ಒಟ್ಟಿಗೆ ನಿಜ ಹೇಳಿದ್ದು ಇದೇ ಮೊದಲು.

ಸಂಜೆ ಬೀಗಿತ್ತಿ ವಚನಾಳ ಮಂಚದ ಪಕ್ಕ ಒಂದು ಚಾಪೆ ಹಾಸಿದಳು. "ನೀವು ಇಲ್ಲೇ ಇರಿ. ನಂಗೆ ಮಂಡಿ ನೋವು, ಕೂತು ಕಾಯೋಕಾಗಲ್ಲ." ಚಾಪೆ ಕೊಟ್ಟಳು, ದಿಂಬು ಕೊಡಲಿಲ್ಲ.

ಜೂನ್ 28, ಶುಕ್ರವಾರ

ನಿನ್ನೆ ದಿಂಬು ಬಂತು. ಕಲ್ಲಿನಷ್ಟು ಗಟ್ಟಿ. ವಚನಾ ಐದು ತಾಸು ಮಲಗಿದಳು. ಬೀಗಿತ್ತಿ ಅಡುಗೆಮನೆಯಲ್ಲಿ ಕುಕ್ಕರ್ ಇಡದೆ ಪಾತ್ರೆಯಲ್ಲಿ ಬೇಳೆ ಬೇಯಿಸಿದಳು, ಸೀಟಿಗೆ ಎಚ್ಚರ ಆಗಬಾರದೆಂದು. ಬೇಳೆ ಬೇಯಲಿಲ್ಲ.

ಮಧ್ಯಾಹ್ನ ಮಗು ತೊಟ್ಟಿಲಲ್ಲಿತ್ತು. ವಚನಾ ಮಲಗಿದಲ್ಲಿಂದಲೇ ಕೇಳಿದಳು. "ಅಮ್ಮ, ಪುಸ್ತಕದಲ್ಲಿ ಹಗ್ಗ ತಾನೇ ಬಿಚ್ಕೊಳ್ತು ಅಂತ ಇದೆಯಲ್ಲ. ಯಾರು ಬಿಚ್ಚಿದ್ದು?"

ಐವತ್ತೆರಡು ವರ್ಷದಲ್ಲಿ ಇನ್ನೂರು ಜನ ಕಣ್ಣೊರೆಸಿಕೊಂಡಿದ್ದಾರೆ, ಒಬ್ಬರೂ ಈ ಪ್ರಶ್ನೆ ಕೇಳಿರಲಿಲ್ಲ.

"ನಾನು" ಎಂದೆ. ನನಗಾಗ ಒಂಬತ್ತು ವರ್ಷ. ಕೊಟ್ಟಿಗೆಯಲ್ಲಿದ್ದ ಚಿಕ್ಕಪ್ಪನಿಗೆ ದಿನಾ ರೊಟ್ಟಿ ತೆಗೆದುಕೊಂಡು ಹೋಗುತ್ತಿದ್ದವಳು ನಾನೇ. ದೊಡ್ಡವರಿಗೆ ಅವನ ಮುಖ ನೋಡಲು ನಾಚಿಕೆ. "ಜಗ್ಗೂ, ಕೈ ನೋಯ್ತದವ್ವ" ಎಂದ. ಮಣಿಕಟ್ಟಿನಲ್ಲಿ ರಕ್ತ ಇತ್ತು. ಗಂಟು ಹಲ್ಲಿನಿಂದ ಬಿಚ್ಚಿದೆ. ನನ್ನ ತಲೆ ಸವರಿ ಹೊರಗೆ ಹೋದ. ಬಾವಿಯ ಕಡೆ ಎಂದು ನನಗೆ ಗೊತ್ತಿರಲಿಲ್ಲ. ಹಗ್ಗ ತಾನಾಗಿ ಬಿಚ್ಚಿಕೊಂಡಿತು ಎಂದು ಆವತ್ತೇ ಅವ್ವನಿಗೆ ಹೇಳಿದೆ. ಮೊದಲ ಭಕ್ತೆ ಅವಳು. ಇಷ್ಟನ್ನೂ ವಚನಾಳಿಗೆ ಹೇಳುವಾಗ ನನ್ನ ದನಿ ಎಲ್ಲೂ ತಪ್ಪಲಿಲ್ಲ, ಕಣ್ಣು ಮಾತ್ರ ಕೇಳಲಿಲ್ಲ.

ಅವಳು ಮೊಣಕೈ ಊರಿ ಎದ್ದು ಕೂತಳು.

"ಒಂಬತ್ತು ವರ್ಷದ ಹುಡುಗಿ ಒಬ್ಬಳನ್ನೇ ಕಳಿಸ್ತಿದ್ರಾ? ದೊಡ್ಡೋರು ಅನ್ನಿಸ್ಕೊಂಡೋರೆಲ್ಲ ಏನು ಕಡಿದು ಕಟ್ಟೆ ಹಾಕ್ತಿದ್ರಂತೆ? ಬಾವಿ ಹತ್ರ ಒಬ್ರು ಕೂತಿರೋಕೆ ಆಗ್ಲಿಲ್ವಾ? ಅಪ್ಪ ಕೂತಿರ್ಲಿಲ್ವಾ ಸಂಪಿನ ಮೇಲೆ? ಥೂ!"

ಐದು ವಾರದಲ್ಲಿ ಅವಳ ಮಾತಿಗೆ ಖಾರ ಬಂದದ್ದು ಇದೇ ಮೊದಲು. ಆ 'ಥೂ' ಯಾರದೆಂದು ನನಗೆ ಗೊತ್ತು. ಬಸವೇಶ್ವರನಗರದ ನನ್ನ ಶಾಲೆಯ ಮಕ್ಕಳು ಮೂವತ್ತೆರಡು ವರ್ಷ ಅದಕ್ಕೆ ಹೆದರಿದ್ದಾರೆ. ಸದ್ದಿಗೆ ಮಗು ಎದ್ದು ಅತ್ತಿತು. ಬೈಯುತ್ತಲೇ ಕೈ ಚಾಚಿ ಎತ್ತಿಕೊಂಡಳು. ಎತ್ತಿಕೊಂಡದ್ದು ಅವಳಿಗೆ ಗೊತ್ತಾದ ಹಾಗಿರಲಿಲ್ಲ. ನಾನು ಹೇಳಲೂ ಹೋಗಲಿಲ್ಲ.

ಸಂಜೆ ಇವರು ಬಂದರು. ಪುಸ್ತಿಕೆ ಕೊಟ್ಟು, ಹನ್ನೆರಡನೆಯ ಪುಟ ತೆಗೆಯಿರಿ, ನೀವು ಬಿಟ್ಟ ಒಂದು ತಪ್ಪಿದೆ ಎಂದೆ. 'ಹಗ್ಗವು ತಾನಾಗಿ ಬಿಚ್ಚಿಕೊಂಡಿತು' ಎಂಬುದನ್ನು ಹೊಡೆದು 'ಜಗದಾಂಬಾ ಬಿಚ್ಚಿದಳು' ಎಂದು ತಿದ್ದಿ ಎಂದೆ. ಇವರು ಕೆಂಪು ಪೆನ್ನು ತೆಗೆದು ಹೊಡೆದರು. ಅಂಚಿನಲ್ಲಿ ದುಂಡಗೆ ಬರೆದರು: 'ಒಂಬತ್ತು ವರ್ಷದ ಮಗು ಬಿಚ್ಚಿತು.'

ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ನನ್ನ ವಾಕ್ಯವನ್ನು ಇವರು ತಿದ್ದಿದ್ದು ಇದೇ ಮೊದಲು. ಹಾಗೇ ಇರಲಿ ಎಂದು ಬಿಟ್ಟಿದ್ದೇನೆ.